ಜ್ವರ ಇಳಿದ ಮೇಲೆ

ಪಾಠ ಮಾಡಿದ ಮೇಷ್ಟ್ರಿಗೇ ಆ ಪಾಠ ಬರುವುದಿಲ್ಲ ಎಂದರೆ ಹೊರಗಿನವರು ನಗುತ್ತಾರೆ. ನಮ್ಮೂರಿನಲ್ಲಿ ಅದು ನಗುವ ಮಾತಲ್ಲ, ದಿನನಿತ್ಯದ ಮಾತು. ಇಲ್ಲಿ ಕ್ಯಾಮೆರಾ ಮುಂದೆ ನಿಂತು ಏನನ್ನು ಪಾಠವಾಗಿ ಹೇಳುತ್ತೇವೋ ಅದು ಹೇಳಿದವರ ತಲೆಯಿಂದ ಹೋಗಿಬಿಡುತ್ತದೆ. ಅಂದು ಸಂಜೆಯವರೆಗೆ ಮಸುಕು ಮಸುಕಾಗಿ ಇರುತ್ತದೆ, ಮಲಗಿ ಎದ್ದರೆ ಇಲ್ಲ. ಮತ್ತೆ ಓದಿದರೂ, ಯಾರಾದರೂ ಕೂರಿಸಿಕೊಂಡು ಹೇಳಿಕೊಟ್ಟರೂ, ತಮ್ಮದೇ ವಿಡಿಯೊ ತಾವೇ ನೋಡಿದರೂ ಆ ಹೊತ್ತಿಗೆ ಅರ್ಥವಾದಂತಾಗಿ ಬೆಳಗಾಗುವುದರೊಳಗೆ ಜಾರಿಹೋಗುತ್ತದೆ. ವಿಡಿಯೊ ಅಳಿಸಿದರೆ ಮಾತ್ರ ಹೋದದ್ದು ವಾಪಸ್ ಬರುತ್ತದೆ. ಟೈಲರ್ ಮರಿಬಸಪ್ಪ ಹೊಲಿಗೆ ತರಬೇತಿಯವರ ಮಾತಿಗೆ ಮರುಳಾಗಿ ನಮ್ಮ ಪ್ರೌಢಶಾಲೆಯ ಕ್ಯಾಮೆರಾ ಮುಂದೆ ಬ್ಲೌಸ್ ಕತ್ತರಿಸುವ ಪಾಠ ಹೇಳಿ, ಮರುದಿನ ಕತ್ತರಿ ಹಿಡಿದುಕೊಂಡು ಬಟ್ಟೆಯ ಮುಂದೆ ಪೆಚ್ಚಾಗಿ ಕುಳಿತಿದ್ದ. ಅವನ ಹೆಂಡತಿ ಶಾಲೆಗೆ ಬಂದು ರಂಪ ಮಾಡಿ ವಿಡಿಯೊ ತೆಗೆಸಿಹಾಕಿದಳು. ಅದರ ಮರುದಿನ ಅವನ ಕತ್ತರಿ ಮೊದಲಿನಂತೆಯೇ ಓಡಿತು.

ಇದಕ್ಕೆ ನಮ್ಮೂರಿನವರು ಪಾಠ ಮಾಡುವುದು ಎನ್ನುವುದಿಲ್ಲ, ಪಾಠ ಕೊಟ್ಟುಬಿಡುವುದು ಎನ್ನುತ್ತಾರೆ. ‘ಈ ವರ್ಷ ಯಾವ ಪಾಠ ಕೊಟ್ರಿ?’ ಎಂದು ಸಂತೆಯಲ್ಲಿ ಸಿಕ್ಕ ಮೇಷ್ಟ್ರುಗಳು ಪರಸ್ಪರ ಕೇಳಿಕೊಳ್ಳುತ್ತಾರೆ. ಊರಿನ ಸುತ್ತ ಗುಡ್ಡದ ಮೇಲೆ ಮೇಷ್ಟ್ರಿಲ್ಲದ ಶಾಲೆಗಳಿವೆ. ನಮ್ಮ ಪಾಠಗಳು ಅಲ್ಲಿಗೆಲ್ಲ ಹೋಗುತ್ತವೆ. ಟೀ ಕುಡಿದು ಮುಗಿಸುವಷ್ಟು ಹೊತ್ತಿನ ಪುಟ್ಟ ಪಾಠಗಳು. ಆದರೆ ನೋಡಿದ ಮಕ್ಕಳ ತಲೆಯಲ್ಲಿ ಅಚ್ಚೊತ್ತಿ ಕೂರುತ್ತವೆ. ಕೊಟ್ಟವರ ತಲೆಯಲ್ಲಿ ಅಷ್ಟೇ ಅಗಲದ ಜಾಗ ಖಾಲಿಯಾಗುತ್ತದೆ. ಅದಕ್ಕೇ ಬುದ್ಧಿವಂತರು ನಿವೃತ್ತಿ ಹತ್ತಿರ ಬರುವವರೆಗೂ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದರು. ಗಣಿತದ ನಾಗಭೂಷಣ ಮೇಷ್ಟ್ರು ತಪ್ಪಿಸಿಕೊಳ್ಳಲಿಲ್ಲ. ಅವರು ಒಂದನೇ ತರಗತಿಯಿಂದ ಹತ್ತರವರೆಗೆ ಇಡೀ ಗಣಿತವನ್ನು ಕೊಟ್ಟರು. ಈಗ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತಿರುತ್ತಾರೆ. ಕೈಯಲ್ಲಿ ಗಡಿಯಾರವಿದೆ, ಆದರೆ ಗಂಟೆ ಎಷ್ಟಾಯಿತೆಂದು ಹಾದುಹೋಗುವವರನ್ನು ಕೇಳುತ್ತಾರೆ. ಅವರ ಶಿಷ್ಯರು ನಿಂತು, ಮರ್ಯಾದೆಯಿಂದ ಹೇಳಿ ಹೋಗುತ್ತಾರೆ.

ನಾನು ಡ್ರಾಯಿಂಗ್ ಮೇಷ್ಟ್ರು. ಗೆರೆ ಎಳೆಯುವುದನ್ನು ಬಾಯಲ್ಲಿ ಹೇಳಿ ಕೊಡಲಾಗುವುದಿಲ್ಲ, ಪರೀಕ್ಷೆಯಲ್ಲಿ ಅದಕ್ಕೆ ಅಂಕವೂ ಇಲ್ಲ. ನನ್ನ ವಿದ್ಯೆ ಯಾರಿಗೂ ಬೇಡವಾಗಿದ್ದರಿಂದ ನನ್ನ ಬಳಿಯೇ ಉಳಿಯಿತು. ಸುಮ್ಮನೆ ಕುಳಿತವನೆಂದು ಕ್ಯಾಮೆರಾ ನೋಡಿಕೊಳ್ಳುವ ಕೆಲಸವನ್ನು ನನ್ನ ಕುತ್ತಿಗೆಗೆ ಕಟ್ಟಿದರು.

ನನ್ನ ಹೆಂಡತಿ ವಸುಂಧರಾ ಅದೇ ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರ್. ಅವಳಿಗೆ ಎಲ್ಲವನ್ನೂ ಕೈಯೆತ್ತಿ ಕೊಡುವ ಸ್ವಭಾವ. ಮಳೆ ಹೇಗೆ ಬರುತ್ತದೆ, ಹೊಟ್ಟೆಯಲ್ಲಿ ಅನ್ನ ಏನಾಗುತ್ತದೆ, ಚಂದ್ರ ಏಕೆ ಸವೆಯುತ್ತಾನೆ ಎಂದೆಲ್ಲ ಅವಳು ಹೇಳುವುದನ್ನು ಕೇಳಿದರೆ ದಡ್ಡನಿಗೂ ಅರ್ಥವಾಗಬೇಕು. ಒಂದೊಂದನ್ನೇ ಕೊಟ್ಟಳು. ಕೊಟ್ಟು ಬಂದ ದಿನ ತಲೆ ಹಗುರವಾಯಿತೆಂದು ನಗುತ್ತಿದ್ದಳು. ನಾನು ಬೈಯುತ್ತಿದ್ದೆ. ‘ಮನೆಗೂ ಸ್ವಲ್ಪ ಉಳಿಸ್ಕೊಳೇ’ ಎಂದರೆ, ‘ನಿಮ್ಗೇನು ಹೊಟ್ಟೆಕಿಚ್ಚು, ನಿಮ್ಮನ್ನ ಯಾರೂ ಕೇಳಲ್ಲ ಅಂತ’ ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ನಮ್ಮ ಮಗಳು ಕುಮುದಾ, ಮನೆಯಲ್ಲಿ ಕುಮ್ಮಿ, ರಸ್ತೆಯಾಚೆಯ ಪ್ರಾಥಮಿಕ ಶಾಲೆಯಲ್ಲಿ ಮೂರನೇ ತರಗತಿ ಓದುತ್ತಿದ್ದಳು. ಅವಳಿಗೆ ಅಮ್ಮನ ಮರೆವು ಒಂದು ಹಬ್ಬ. ಸಂಜೆ ಅಡುಗೆಮನೆಯ ಕಟ್ಟೆ ಹತ್ತಿ ಕುಳಿತು, ಸೌಟನ್ನೇ ಕೋಲು ಮಾಡಿಕೊಂಡು ಅಮ್ಮನಿಗೆ ಪಾಠ ಹೇಳುತ್ತಿದ್ದಳು. ‘ಅಮ್ಮಾ, ಮಳೆ ಎಲ್ಲಿಂದ ಬರುತ್ತೆ ಹೇಳು.’ ‘ಗೊತ್ತಿಲ್ಲ ಮಿಸ್.’ ‘ನಿನ್ನೆ ತಾನೇ ಹೇಳ್ಕೊಟ್ಟೆ! ನಿಂಗೆ ಎಷ್ಟು ಸಲ ಹೇಳ್ಬೇಕಮ್ಮ?’ ಎಂದು ಸೌಟು ಕುಟ್ಟುತ್ತಿದ್ದಳು. ಸಾರಿನ ಪಾತ್ರೆಯ ಮುಚ್ಚಳ ತೆಗೆದು, ಅದರ ಒಳಮೈಗೆ ಅಂಟಿದ ಹನಿ ತೋರಿಸಿ, ಅಮ್ಮ ವಿಡಿಯೊದಲ್ಲಿ ಹೇಳಿದ ಮಾತನ್ನೇ ಅಮ್ಮನ ಧಾಟಿಯಲ್ಲೇ ಒಪ್ಪಿಸುತ್ತಿದ್ದಳು. ವಸು ಕಣ್ಣರಳಿಸಿ ಕೇಳುತ್ತಿದ್ದಳು. ನಟನೆಯಲ್ಲ, ಅವಳಿಗೆ ನಿಜವಾಗಿಯೂ ಅದು ಹೊಸದು. ಮಗಳ ಬಾಯಿಂದ ಮಳೆಯ ಕಥೆಯನ್ನು ಪ್ರತಿ ಸಂಜೆ ಮೊದಲ ಸಲ ಕೇಳುವ ಭಾಗ್ಯ ಬೇರೆ ಯಾವ ತಾಯಿಗಿದ್ದೀತು? ಆಗ ನಾನು ಹಾಗೆಲ್ಲ ಯೋಚಿಸುತ್ತಿರಲಿಲ್ಲ. ಸಾರು ತಣ್ಣಗಾಗುತ್ತಿದೆ ಎಂದು ಗೊಣಗುತ್ತಿದ್ದೆ.

ಮಗಳು ಹೇಳಿಕೊಡುತ್ತಿದ್ದುದು ಅವಳಿಗೆ ಗೊತ್ತಿದ್ದ ಪಾಠಗಳನ್ನು ಮಾತ್ರ. ಎಂಟನೇ ತರಗತಿಯ ಆರೋಗ್ಯದ ಪಾಠ ಅವಳಿಗೆ ಇನ್ನೂ ಬಂದಿರಲಿಲ್ಲ.

ಆ ವರ್ಷ ಮಳೆ ನಿಂತ ಮೇಲೆ ಊರಿನಲ್ಲಿ ಡೆಂಗಿ ಜ್ವರ ಶುರುವಾಯಿತು. ಕುಮ್ಮಿಗೂ ಬಂತು. ಮೈ ಕಾದ ಹೆಂಚಾಗಿತ್ತು. ಡಾಕ್ಟರು ಔಷಧಿ ಕೊಟ್ಟು, ನೀರು ಚೆನ್ನಾಗಿ ಕುಡಿಸಿ, ಏನಾದರೂ ವ್ಯತ್ಯಾಸ ಕಂಡರೆ ಕರೆತನ್ನಿ ಎಂದರು. ವಸು ರಜೆ ಹಾಕಿ ಮಗ್ಗುಲಲ್ಲೇ ಕುಳಿತು ಒದ್ದೆ ಬಟ್ಟೆ ಹಾಕಿದಳು. ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ಜ್ವರ ಇಳಿದಿತ್ತು. ಹಣೆ ಮುಟ್ಟಿ ನೋಡಿದರೆ ತಂಪು. ವಸು ದೇವರಿಗೆ ತುಪ್ಪದ ದೀಪ ಹಚ್ಚಿದಳು. ಗಂಜಿ ಮಾಡಿ, ನಿಂಬೆಕಾಯಿ ಉಪ್ಪಿನಕಾಯಿ ನೆಂಚಿಕೊಳ್ಳಲು ಕೊಟ್ಟಳು. ಕುಮ್ಮಿ ಎರಡು ಗುಟುಕು ಕುಡಿದು, ಹೊಟ್ಟೆ ನೋವು ಎಂದು ಮಗ್ಗುಲಾದಳು. ‘ಮಲಗ್ಲಿ ಬಿಡಿ, ಪಾಪ, ಎಷ್ಟು ದಿನದ ನಿದ್ದೆಯೋ’ ಎಂದು ವಸು ಬಾಗಿಲು ಮುಂದೆಳೆದಳು. ಇಬ್ಬರೂ ಹೊರಗೆ ಕುಳಿತು ಮೆತ್ತಗೆ ಮಾತಾಡಿದೆವು, ಸಣ್ಣಗೆ ನಕ್ಕೆವು ಕೂಡ. ಸಂಜೆ ಎಬ್ಬಿಸಲು ಹೋದಾಗ ಮಗುವಿನ ಅಂಗಾಲು ಐಸಿನಂತೆ ತಣ್ಣಗಿತ್ತು. ಆಟೋದಲ್ಲಿ ಆಸ್ಪತ್ರೆಗೆ ಹಾರಿದೆವು. ಡಾಕ್ಟರು ನಾಡಿ ಹಿಡಿದು, ‘ಬೆಳಿಗ್ಗೆನೇ ತರಬೇಕಾಗಿತ್ತಲ್ಲ ಟೀಚರ್’ ಎಂದಷ್ಟೇ ಹೇಳಿದರು. ದೀಪ ಹಚ್ಚುವ ಹೊತ್ತಿಗೆ ಕುಮ್ಮಿ ಹೋಗಿದ್ದಳು.

ಹದಿಮೂರರ ಕಾರ್ಯ ಮುಗಿದು ಶಾಲೆಗೆ ಹೋದಾಗ ಮಕ್ಕಳು ವಸುವಿನ ಸುತ್ತ ನಿಂತು ಅತ್ತರು. ಅವರಲ್ಲಿ ಪದ್ಮಿನಿ ಎಂಬ ಎಂಟನೇ ತರಗತಿಯ ಹುಡುಗಿ, ಇಸ್ತ್ರಿ ಅಂಗಡಿಯ ಸಾಕಮ್ಮನ ಹಿರಿ ಮಗಳು, ಬಿಕ್ಕುತ್ತಲೇ ಹೇಳಿಬಿಟ್ಟಳು: ‘ಜ್ವರ ಇಳಿದ ದಿನಾನೇ ಹುಷಾರಾಗಿರ್ಬೇಕು ಅಂತ ನೀವೇ ಹೇಳಿದ್ರಲ್ಲ ಮಿಸ್. ಕೈಕಾಲು ತಣ್ಣಗಾಗುತ್ತೆ, ಹೊಟ್ಟೆ ನೋಯುತ್ತೆ, ಮಂಪರು ಬರುತ್ತೆ, ತಕ್ಷಣ ಆಸ್ಪತ್ರೆಗೆ ಓಡ್ಬೇಕು ಅಂತ.’ ಹುಡುಗಿ ಚುಚ್ಚಿ ಹೇಳಿದ್ದಲ್ಲ. ಅವಳಿಗೆ ಗೊತ್ತಿದ್ದುದನ್ನು ಹೇಳಿದಳು, ಅಷ್ಟೇ.

ವಸು ನನ್ನ ಮುಖ ನೋಡಿದಳು. ಆ ನೋಟವನ್ನು ನಾನು ಸಾಯುವವರೆಗೂ ಮರೆಯಲಾರೆ. ಆ ಪಾಠವನ್ನು ಅವಳು ಹಿಂದೆಂದೋ ಜಿಲ್ಲಾ ಕಚೇರಿಯವರು ಬಂದು ಚಿತ್ರೀಕರಿಸಿದಾಗ ಕೊಟ್ಟುಬಿಟ್ಟಿದ್ದಳು. ನಾನು ಆಗ ಊರಲ್ಲಿರಲಿಲ್ಲ. ಕೊಟ್ಟದ್ದೂ ಅವಳಿಗೆ ನೆನಪಿರಲಿಲ್ಲ. ಊರಿನ ಎಂಟನೇ ತರಗತಿಯ ಮಕ್ಕಳಿಗೆಲ್ಲ ಗೊತ್ತಿದ್ದ ಒಂದು ಮಾತು, ಅವರಿಗೆ ಅದನ್ನು ಕಲಿಸಿದವಳಿಗೆ ಮಾತ್ರ ಗೊತ್ತಿರಲಿಲ್ಲ.

ಅಂದಿನಿಂದ ಅವಳು ಊಟ ಬಿಟ್ಟಳು. ಶಾಲೆ ಮುಗಿದ ಮೇಲೆ ವಿಡಿಯೊ ಕೋಣೆಯಲ್ಲಿ ಕುಳಿತು ಆ ಪಾಠವನ್ನೇ ಮತ್ತೆ ಮತ್ತೆ ಹಾಕಿಕೊಂಡು ನೋಡುತ್ತಿದ್ದಳು. ಪರದೆಯ ಮೇಲಿನ ವಸು, ಇಸ್ತ್ರಿ ಸೀರೆ ಉಟ್ಟು, ಕೋಲಿನಿಂದ ಚಿತ್ರ ತೋರಿಸಿ, ಜ್ವರ ಇಳಿಯಿತೆಂದು ಮೈಮರೆಯಬಾರದು ಎಂದು ನಗುನಗುತ್ತಾ ಹೇಳುತ್ತಿದ್ದಳು. ಕೆಳಗೆ ಕುಳಿತ ವಸು ತುಟಿಯಲ್ಲೇ ಅದನ್ನು ಬಾಯಿಪಾಠ ಮಾಡುತ್ತಿದ್ದಳು. ಬೆಳಿಗ್ಗೆ ಎದ್ದು, ‘ಏನೋ ತಣ್ಣಗಾಗುತ್ತೆ ಅಂತಿತ್ತಲ್ಲ ರೀ, ಏನದು?’ ಎಂದು ನನ್ನನ್ನು ಕೇಳುತ್ತಿದ್ದಳು. ಪಾಠ ಮರೆಯುತ್ತಿತ್ತು. ಅದು ತನಗೆ ಗೊತ್ತಿರಬೇಕಾಗಿತ್ತು ಎಂಬುದು ಮಾತ್ರ ಮರೆಯುತ್ತಿರಲಿಲ್ಲ.

ಒಂದು ದಿನ ಅವಳಾಗಿಯೇ ಕ್ಯಾಮೆರಾ ಸಿದ್ಧ ಮಾಡಿ ಎಂದಳು.

‘ಯಾವ ಪಾಠ?’

‘ಅದೇ ಜ್ವರದ್ದು. ಹಳೇದನ್ನ ಮಕ್ಕಳು ಪರೀಕ್ಷೆಗೆ ಅಂತ ಓದ್ಕೋತಾರೆ ರೀ, ಮನೇಲಿ ಯಾರೂ ಹೇಳಲ್ಲ. ಆ ಲಕ್ಷಣ ಎಲ್ಲ ಈಗ ನನ್ನ ತಲೇಲಿಲ್ಲ. ಕುಮ್ಮಿಗೆ ಏನೇನಾಯ್ತು ಅನ್ನೋದಿದೆಯಲ್ಲ, ಅದನ್ನ ಹಾಗ್ಹಾಗೇ ಹೇಳ್ತೀನಿ. ಇನ್ಯಾವ ಮನೇಲೂ ಬಾಗಿಲು ಮುಂದೆಳೆದು ಮಲಗಿಸ್ಬಾರ್ದು.’

‘ಹೇಳಿದ್ರೆ ಅದು ನಿನ್ನಿಂದ ಹೊರಟೋಗುತ್ತೆ, ವಸು.’

‘ಹೋಗ್ಲಿ ಬಿಡಿ’ ಎಂದಳು. ‘ಇಟ್ಕೊಂಡು ಏನ್ ಮಾಡ್ಲಿ?’

ನಾನು ತಡೆಯಲಿಲ್ಲ. ನಿಜ ಹೇಳಬೇಕೆಂದರೆ, ಅವಳ ಜಾಗದಲ್ಲಿ ನಾನು ನಿಲ್ಲುವಂತಿದ್ದರೆ ಎಂದು ಆಸೆಯೂ ಆಯಿತು. ಅವಳು ಗೋಡೆಯ ಮುಂದೆ ನಿಂತು ಆ ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಎಲ್ಲವನ್ನೂ ಹೇಳಿದಳು. ತುಪ್ಪದ ದೀಪ, ಗಂಜಿ, ಮುಂದೆಳೆದ ಬಾಗಿಲು, ಅಂಗಾಲು. ಮಗುವಿನ ಪಾದವನ್ನು ಹೇಗೆ ಹಿಡಿದು ನೋಡಬೇಕೆಂದು ಗಾಳಿಯಲ್ಲೇ ಎರಡು ಕೈ ಜೋಡಿಸಿ ತೋರಿಸಿದಳು. ಕೊನೆಗೆ ‘ನಮ್ಮ ಕುಮ್ಮಿ ಉಳಿಯಲಿಲ್ಲ ಮಕ್ಕಳೇ, ನಿಮ್ಮನೆಯವರು ಉಳಿಯಲಿ’ ಎಂದಳು. ಕ್ಯಾಮೆರಾ ನಿಲ್ಲಿಸಲು ನನಗೆ ಗುಂಡಿ ಕಾಣಲಿಲ್ಲ, ಕಣ್ಣು ಅಷ್ಟು ತುಂಬಿತ್ತು.

ಮರುದಿನ ನಾನು ಏಳುವಾಗ ಅಡುಗೆಮನೆಯಿಂದ ಒಗ್ಗರಣೆಯ ಘಮ ಬರುತ್ತಿತ್ತು. ಎಷ್ಟೋ ದಿನಗಳ ಮೇಲೆ ವಸು ತಲೆ ಬಾಚಿ ಹೂ ಮುಡಿದಿದ್ದಳು. ಏನೋ ಗುನುಗುತ್ತಿದ್ದಳು. ಗೆದ್ದೆವು ಅಂದುಕೊಂಡೆ. ಆಮೇಲೆ ನೋಡಿದರೆ ಕಟ್ಟೆಯ ಮೇಲೆ ಕುಮ್ಮಿಯ ಹಸಿರು ಟಿಫಿನ್ ಡಬ್ಬಿಗೆ ಚಿತ್ರಾನ್ನ ತುಂಬಿಸುತ್ತಿದ್ದಳು. ‘ಎಲ್ಲಿ ಇವ್ಳು? ಆಗ್ಲೇ ಹೊರಟುಬಿಟ್ಲಾ? ಬ್ಯಾಗೂ ಇಲ್ಲ. ಡಬ್ಬಿ ಬಿಟ್ಟು ಹೋಗಿದ್ದಾಳೆ, ತಲೆಹರಟೆ’ ಎಂದಳು.

ಸಾವು ಮರೆತರೆ ದುಃಖ ಹೋಗುತ್ತದೆ ಎಂದಷ್ಟೇ ನಾವಿಬ್ಬರೂ ಎಣಿಸಿದ್ದೆವು. ಸಾವು ಮರೆತರೆ ಮಗಳು ಬದುಕಿರುತ್ತಾಳೆ ಎಂಬುದು, ಆಣೆಗೂ, ಇಬ್ಬರಿಗೂ ಹೊಳೆದಿರಲಿಲ್ಲ.

ಅಂದು ಸಂಜೆ ನಮ್ಮ ಶಾಲೆಯ ಗಂಟೆ ಹೊಡೆದ ಕೂಡಲೇ ಅವಳು ರಸ್ತೆ ದಾಟಿ ಪ್ರಾಥಮಿಕ ಶಾಲೆಯ ಗೇಟಿಗೆ ಹೋಗಿ ನಿಂತಳು. ಮಕ್ಕಳೆಲ್ಲ ಬಂದು, ಅವಳನ್ನು ನೋಡಿ ತಲೆ ತಗ್ಗಿಸಿ ಹೋದರು. ಕೊನೆಯ ಮಗುವೂ ಹೋಗಿ ವಾಚ್‌ಮನ್ ಗೇಟಿಗೆ ಬೀಗ ಹಾಕಿದ ಮೇಲೆ ನಾನು ಹೋಗಿ ಅವಳ ಕೈ ಹಿಡಿದು ಹೇಳಿದೆ. ಅವಳು ಅಲ್ಲೇ ಕುಸಿದು ಕುಳಿತಳು. ಮಗಳು ಸತ್ತ ಸುದ್ದಿ ಮೊದಲ ಸಲ ಕೇಳಿದ ತಾಯಿ ಹೇಗೆ ಕೂಗುತ್ತಾಳೋ ಹಾಗೆ ಕೂಗಿದಳು. ಬೆಳಿಗ್ಗೆ ಎದ್ದು ಮತ್ತೆ ಹೂ ಮುಡಿದಳು, ಮತ್ತೆ ಡಬ್ಬಿ ತುಂಬಿಸಿದಳು.

ಹೀಗೆಯೇ ದಿನಗಳು, ತಿಂಗಳುಗಳು ಹೋದವು. ದಿನವೂ ಸಂಜೆ ನಾನು ಅದೇ ಗೇಟಿನ ಮುಂದೆ ಅದೇ ಮಾತು ಹೇಳಿದೆ, ದಿನವೂ ಅವಳು ಅದನ್ನು ಮೊದಲ ಸಲ ಕೇಳಿದಳು. ಊರಿನವರು ಹೇಗೋ ಹೊಂದಿಕೊಂಡರು. ಎದುರಿನ ಬೇಕರಿಯವನು ಆ ಹೊತ್ತಿಗೆ ರೇಡಿಯೊದ ಸದ್ದು ಏರಿಸುತ್ತಿದ್ದ. ಮಕ್ಕಳು ಹಿಂದಿನ ಬಾಗಿಲಿನಿಂದ ಹೋಗುವುದನ್ನು ಕಲಿತರು. ನಮ್ಮ ಹೆಡ್ಮಾಸ್ಟರ್ ಚನ್ನವೀರಯ್ಯನವರು ನನ್ನನ್ನು ಪಕ್ಕಕ್ಕೆ ಕರೆದು, ‘ಒಂದು ಸುಳ್ಳು ಹೇಳ್ಬಿಡಿ ಮೇಷ್ಟ್ರೇ. ಅಜ್ಜಿ ಮನೆಗೆ ಹೋಗಿದ್ದಾಳೆ ಅನ್ನಿ, ಇನ್ನೇನಾದ್ರೂ ಅನ್ನಿ. ದಿನಾ ದಿನಾ ಆ ಹೆಣ್ಣುಮಗಳನ್ನ ಯಾಕೆ ಕೊಲ್ತೀರಿ?’ ಎಂದರು.

‘ಸತ್ತ ಮಗಳ ಮೇಲೆ ಸುಳ್ಳು ಹೇಳೋಕೆ ನನಗೆ ಬಾಯಿ ಬರಲ್ಲ ಸಾರ್’ ಎಂದೆ. ನನ್ನದು ಹಟವೇ ಇರಬಹುದು. ಆದರೆ ಕುಮ್ಮಿ ಸತ್ತಳೆಂದು ಮನೆಯಲ್ಲಿ ನಾನೊಬ್ಬನೇ ತಿಳಿದುಕೊಂಡಿರುವುದು ನನ್ನಿಂದಾಗುತ್ತಿರಲಿಲ್ಲ. ಸಂಜೆಯ ಆ ಒಂದು ಹೊತ್ತಾದರೂ ವಸು ನನ್ನ ಜೊತೆ ಅಳುತ್ತಿದ್ದಳು. ಅಷ್ಟು ಸ್ವಾರ್ಥ ನನ್ನಲ್ಲಿತ್ತು.

ಕೊನೆಗೆ ವಿಡಿಯೊ ಅಳಿಸಿಬಿಡುವುದೆಂದು ನಿಶ್ಚಯಿಸಿದೆ. ಅಳಿಸಿದರೆ ಎಲ್ಲ ಅವಳಿಗೆ ವಾಪಸ್ ಬರುತ್ತದೆ. ಊಟ ಬಿಡುತ್ತಾಳೆ, ಕೊರಗುತ್ತಾಳೆ. ಆದರೂ ಒಂದೇ ಸಾವನ್ನು ಒಂದೇ ಸಲ ಅತ್ತು ಮುಗಿಸಬಹುದು. ಎಲ್ಲರೂ ಹಾಗೇ ತಾನೇ ಮಾಡುವುದು? ಹೆಡ್ಮಾಸ್ಟರ್ ಬೇಡವೆನ್ನಲಿಲ್ಲ. ‘ನಿಮ್ಮನೆ ವಿಷಯ, ನಿಮ್ಮಿಷ್ಟ. ಮತ್ತೆ ಜ್ವರದ ಕಾಲ ಬಂದಿದೆ, ಅದೊಂದು ನೆನಪಿರ್ಲಿ’ ಎಂದು ಕೀಲಿಕೈ ಕೊಟ್ಟರು.

ಶನಿವಾರ ಮಧ್ಯಾಹ್ನ ಶಾಲೆ ಬಿಡುವುದಕ್ಕೆ ಸ್ವಲ್ಪ ಮೊದಲು ವಿಡಿಯೊ ಕೋಣೆಗೆ ಹೋಗಿ ಕುಳಿತೆ. ಅಂದು ಎರಡೂ ಶಾಲೆಗಳು ಬೇಗ ಬಿಡುತ್ತವೆ. ಪಾಠ ತೆರೆದೆ. ಪರದೆಯ ಮೇಲೆ ವಸುವಿನ ಮುಖ ಬಂದು ನಿಂತಿತು. ‘ಅಳಿಸಬೇಕೆ?’ ಎಂದು ಯಂತ್ರ ಕೇಳಿತು. ಬೆರಳು ಇಟ್ಟುಕೊಂಡು ಕುಳಿತಿದ್ದೆ, ಅಷ್ಟರಲ್ಲಿ ವರಾಂಡದಲ್ಲಿ ಗದ್ದಲ ಕೇಳಿತು. ಎದ್ದು ಬಾಗಿಲಿಗೆ ಬಂದೆ.

ಇಸ್ತ್ರಿ ಅಂಗಡಿಯ ಸಾಕಮ್ಮ ಬಂದಿದ್ದಳು. ಸೊಂಟದ ಮೇಲೆ ಚಿಕ್ಕ ಮಗಳು ಭವ್ಯ, ಪಕ್ಕದಲ್ಲಿ ಹಿರಿಯವಳು ಪದ್ಮಿನಿ. ಮಗು ಬಾಡಿಹೋಗಿತ್ತು, ಕೈಯಲ್ಲಿ ಸೂಜಿ ಚುಚ್ಚಿದ ಜಾಗಕ್ಕೆ ಪಟ್ಟಿ ಅಂಟಿಸಿದ್ದರು. ವಸು ತರಗತಿಯಿಂದ ಹೊರಗೆ ಬಂದದ್ದೇ ತಡ, ಸಾಕಮ್ಮ ಮಗುವನ್ನು ಕೆಳಗಿಳಿಸಿ ಅವಳ ಕಾಲಿಗೆ ಬಿದ್ದಳು.

‘ಅಯ್ಯೋ, ಏಳಿ ಸಾಕಮ್ಮ, ಇದೇನಿದು?’

‘ನೀವು ನನ್ ಮಗೀನ ಉಳ್ಸಿದ್ರಿ ಕಣವ್ವ. ಜರ ಬಿಡ್ತಲ್ಲ ಅಂತ ನಾನು ಮಲಗುಸ್ಬುಟ್ಟಿದ್ದೆ. ಇವ್ಳು ಇಸ್ಕೂಲಿಂದ ಬಂದವ್ಳೇ ಮಗೀನ ಪಾದ ಹಿಡ್ಕಂಡು ನೋಡುದ್ಲು. ಅಮ್ಮಾ, ಕುಮ್ಮಿಗಾದಂಗೇ ಆಗೈತೆ, ಏಳು, ಏಳು ಅಂತ ಕೂಗ್ಕಂಡ್ಲು. ಆಸ್ಪತ್ರೇಲಿ ಇನ್ನೊಂದು ಗಳಿಗೆ ತಡೆದಿದ್ರೆ ಇಲ್ಲ ಅಂದ್ರು. ಇವತ್ತು ಮನೇಗ್ ಕಳುಸಿದ್ರು. ಮದ್ಲು ನಿಮ್ಮತ್ರಾನೇ ಕರ್ಕಂಬಂದೆ.’

ಪದ್ಮಿನಿ ತಾಯಿಯ ಸೆರಗು ಎಳೆದಳು. ಸಾಕಮ್ಮ ಬಾಯಿ ತಪ್ಪಿ ಬಂದ ಹೆಸರನ್ನು ನುಂಗಿಕೊಳ್ಳುವಂತೆ ಸುಮ್ಮನಾದಳು. ವಸುವಿಗೆ ಅದು ತಲೆಗೆ ಹತ್ತಿರಲಿಲ್ಲ. ಅವಳು ಕುಕ್ಕರಗಾಲಲ್ಲಿ ಕುಳಿತು, ಮಗುವಿನ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ವಿಡಿಯೊದಲ್ಲಿ ಗಾಳಿಯನ್ನು ಹಿಡಿದಿದ್ದಳಲ್ಲ, ಥೇಟ್ ಹಾಗೆಯೇ.

‘ಬೆಚ್ಚಗಿದೆ’ ಎಂದಳು. ಮುಖವೆಲ್ಲ ಅರಳಿತು. ‘ನಾನು ಯಾವ ಪಾಠ ಕೊಟ್ಟಿದ್ನೋ ಏನೋ, ಒಳ್ಳೇದಾಯ್ತಲ್ಲ. ಎಷ್ಟು ಸೊರಗಿದ್ದಾಳೆ ನೋಡಿ! ನಮ್ಮ ಕುಮ್ಮಿಯ ಹಳೇ ಫ್ರಾಕ್ ಒಂದಿದೆ ಸಾಕಮ್ಮ, ಹಳದಿದು, ಇವಳಿಗೆ ಸರಿಹೋಗುತ್ತೆ. ಅವಳಿಗೆ ಬಿಗಿಯಾಗಿದೆ, ಆದ್ರೂ ಕೊಡಲ್ಲ ಅಂತಾಳೆ. ಇವತ್ತು ಶಾಲೆಯಿಂದ ಬರ್ಲಿ, ಪುಸಲಾಯಿಸಿ ಕೊಡಿಸ್ತೀನಿ.’

ಸಾಕಮ್ಮ ನನ್ನತ್ತ ನೋಡಿದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ನಾನು ತಲೆಯಾಡಿಸಿದೆ. ‘ಆಗ್ಲಿ ಕಣವ್ವ, ಇಸ್ಕತೀನಿ’ ಎಂದಳು ಅವಳು.

ನಾನು ಒಳಗೆ ಹೋದೆ. ಪರದೆಯ ಮೇಲೆ ಪ್ರಶ್ನೆ ಹಾಗೆಯೇ ನಿಂತಿತ್ತು. ಗುಡ್ಡದ ಮೇಲಿನ ಶಾಲೆಗಳು ನೆನಪಾದವು. ನಾನು ನೋಡಿಲ್ಲದ ಮನೆಗಳಲ್ಲಿ, ನೋಡಿಲ್ಲದ ಮಕ್ಕಳು, ತಂಗಿಯದೋ ತಮ್ಮನದೋ ಪಾದ ಹಿಡಿದು ನೋಡುತ್ತಿರಬಹುದು. ಪ್ರತಿ ಮನೆಯಲ್ಲೂ ‘ಕುಮ್ಮಿಗಾದಂಗೆ’ ಎಂಬ ಮಾತು ಬರುತ್ತಿರಬಹುದು. ನನ್ನ ಮಗಳು ಸತ್ತದ್ದು ನನಗೊಬ್ಬನಿಗೇ ಗೊತ್ತು ಎಂದು ಕೊರಗುತ್ತಿದ್ದೆ. ಊರೂರಿಗೆಲ್ಲ ಗೊತ್ತಿತ್ತು. ಅವಳ ತಾಯಿಗೆ ಮಾತ್ರ ಗೊತ್ತಿರಲಿಲ್ಲ. ಯಂತ್ರ ಆರಿಸಿ, ಕೋಣೆಗೆ ಬೀಗ ಹಾಕಿದೆ. ಕೀಲಿಕೈ ಹೆಡ್ಮಾಸ್ಟರ ಮೇಜಿನ ಮೇಲಿಟ್ಟೆ.

ಗಂಟೆ ಹೊಡೆಯಿತು. ನಾನು ರಸ್ತೆ ದಾಟುವಷ್ಟರಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳು ಹೋಗಿಯಾಗಿತ್ತು. ವಾಚ್‌ಮನ್ ಬೀಗ ಕೈಯಲ್ಲಿ ಹಿಡಿದು ನನ್ನ ದಾರಿ ನೋಡುತ್ತಿದ್ದ. ಬೇಕರಿಯವನು ರೇಡಿಯೊದ ಹತ್ತಿರ ಕೈಯಿಟ್ಟುಕೊಂಡು ನಿಂತಿದ್ದ. ವಸು ಹಸಿರು ಡಬ್ಬಿ ಹಿಡಿದುಕೊಂಡು ಗೇಟಿನ ಸಂದಿಯಿಂದ ಒಳಗೆ ಇಣುಕುತ್ತಿದ್ದಳು.

‘ಎಲ್ಲ ಮಕ್ಕಳೂ ಹೋದ್ರು ರೀ’ ಎಂದಳು. ‘ಕುಮ್ಮಿ ಎಲ್ಲಿ?’

ದಿನವೂ ಹೇಳುವ ಮಾತು ಗಂಟಲವರೆಗೆ ಬಂತು. ಅವಳ ಕೈ ನೋಡಿದೆ. ಸ್ವಲ್ಪ ಹೊತ್ತಿನ ಹಿಂದೆ ಬೆಚ್ಚಗಿನ ಪಾದ ಹಿಡಿದಿದ್ದ ಕೈ.

‘ಇವತ್ತು ಡ್ಯಾನ್ಸ್ ಪ್ರಾಕ್ಟೀಸ್ ಇದೆಯಂತೆ’ ಎಂದೆ. ‘ಸ್ವಲ್ಪ ತಡ ಆಗುತ್ತೆ. ಕಾಯೋಣ.’

ವಾಚ್‌ಮನ್ ನನ್ನನ್ನೊಮ್ಮೆ ನೋಡಿ, ಬೀಗ ಹಾಕದೆ ಒಳಗೆ ಹೋದ. ರೇಡಿಯೊದ ಸದ್ದು ಏರಲಿಲ್ಲ. ರಾತ್ರಿಗೆ ಇನ್ನೊಂದು ಸುಳ್ಳು ಹುಡುಕಬೇಕು, ನಾಳೆ ಬೆಳಿಗ್ಗೆಗೆ ಮತ್ತೊಂದು, ಇನ್ನು ಮುಂದೆ ಅಳುವುದೇನಿದ್ದರೂ ನಾನೊಬ್ಬನೇ. ಹೋಗಿ ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕುಳಿತೆ. ವಸುವೂ ಬಂದು ಕುಳಿತಳು. ಆಮೇಲೆ ಏನೋ ನೆನಪಾದವಳಂತೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅಂಚಿಗೆ ಸರಿದು, ನಮ್ಮಿಬ್ಬರ ನಡುವೆ ಒಂದಿಷ್ಟು ಜಾಗ ಬಿಟ್ಟಳು.